ಕೋಸಿನ ಸಸಿಗೆ ನಾಲ್ಕು ಸ್ಟಾರ್, ಅಂಗಡಿಯವರ ಮಾತಿಗೆ ಒಂದು

ಸಾಗರ ಪೇಟೆಯ ಈ ಬೀಜದಂಗಡಿಯಿಂದ ಹೋದ ದೀಪಾವಳಿ ಮುಗಿಸಿಕೊಂಡು ಗೋಲ್ಡನ್ ಏಕರ್ ಕೋಸಿನ 40 ಸಸಿ ತಂದೆ. ಸಸಿ ಚೆನ್ನಾಗಿದ್ದವು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಟ್ರೇಯಿಂದ ಎತ್ತುವಾಗ ಬೇರು ತೆಂಗಿನ ನಾರಿನ ಪುಡಿಯ ಸಮೇತ ಉಂಡೆಯಾಗಿಯೇ ಬಂತು. ಸತ್ತಿದ್ದು ಎರಡೇ. ಸಂಕ್ರಾಂತಿ ಹೊತ್ತಿಗೆ ಒಂದೊಂದು ಕೋಸು ಕಿಲೋ ತೂಗಿತು.

ತಕರಾರಿರುವುದು ಮಾತಿನ ಬಗ್ಗೆ. "ಇದು ಹೈಬ್ರಿಡ್ ಅಲ್ಲ ಮೇಡಂ, ಒಂದು ಗಿಡ ಹಾಗೇ ಬಿಡಿ, ಬೀಜ ಕಟ್ಟುತ್ತೆ" ಅಂದರು. ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿದ ನಾನು ನಂಬಿದೆ! ಬಚ್ಚಲ ನೀರು ಹರಿಯುವಲ್ಲಿ ಒಂದು ಗಿಡ ಬಿಟ್ಟೆ. ಶಿವರಾತ್ರಿ ಹೋಯಿತು, ಯುಗಾದಿ ಹೋಯಿತು. ಕೋಸು ಬಿರಿಯಿತು, ಬಿರುಕಿನೊಳಗಿಂದ ಬಂದದ್ದೂ ಎಲೆಯೇ. ಮೇ ತಿಂಗಳಲ್ಲಿ ಬುಡದಲ್ಲಿ ನಾಲ್ಕು ಮರಿಕೋಸು. ಮಳೆ ಹಿಡಿದ ಮೇಲೆ ಕೊಳೆತು ನಾರಿತು. ಪಕ್ಕದ ಸಾಲಿನಲ್ಲಿ ಅತ್ತೆಯ ಮೂಲಂಗಿ ಅಷ್ಟರಲ್ಲಿ ಹೂಬಿಟ್ಟು, ಕೋಡು ಒಣಗಿ, ಬೂದಿ ಬೆರೆಸಿದ ಬೀಜ ಡಬ್ಬಿ ಸೇರಿಯಾಗಿತ್ತು. "ಕೋಸಿಗೆ ನಮ್ಮಲ್ಲಿ ಹೂವು ಬತ್ತಿಲ್ಲೆ ಮಾರಾಯ್ತಿ" ಎಂದು ಅತ್ತೆ, ನಾನು ಸಸಿ ನೆಟ್ಟ ದಿನವೇ ಅಂದಿದ್ದರು.

ಕಾರಣ ನನಗೆ ಹೊಳೆಯಬೇಕಿತ್ತು. ಹೂವಿಗೆ ಅಡ್ಡ ನಿಲ್ಲುವ ಎಫ್‌ಎಲ್‌ಸಿ ಎಂಬ ಜೀನ್ ಎಚ್ಚರವಿರುವಷ್ಟು ದಿನ ಕೋಸು ಎಲೆ ಬಿಡುತ್ತದೆ, ಅಷ್ಟೆ. ಅದರ ಬಾಯಿ ಮುಚ್ಚಿಸಲು ಒಂದೆರಡು ರಾತ್ರಿಯ ಚಳಿ ಸಾಲದು, ವಾರಗಟ್ಟಲೆ ಬೇಕು. ಸಾಸಿವೆಯ ಬಳಗದ ಅರಬಿಡಾಪ್ಸಿಸ್ ಎಂಬ ಪುಟ್ಟ ಕಳೆಯಲ್ಲಿ ಇದನ್ನು ಬಿಡಿಸಿ ನೋಡಿದ್ದಾರೆ. ಇಂಗ್ಲೆಂಡಿನ ಜಾನ್ ಇನ್ಸ್ ಕೇಂದ್ರದ ಕ್ಯಾರೊಲಿನ್ ಡೀನ್ ಅವರಿಗೆ 2020ರ ವುಲ್ಫ್ ಪ್ರಶಸ್ತಿ ಬಂದಿದ್ದು ಈ ಕೆಲಸಕ್ಕೇ. ಚಳಿ ಮುಂದುವರಿದಂತೆ ವಿಐಎನ್3 ಎಂಬ ಪ್ರೋಟೀನ್ ಮೆಲ್ಲಗೆ ಹೆಚ್ಚುತ್ತದೆ. ಅದರ ಜೊತೆ ಸೇರಿ ಜೀನುಗಳನ್ನು ಸುಮ್ಮನಾಗಿಸುವ ಪಾಲಿಕೋಂಬ್ ಗುಂಪಿನ ಪ್ರೋಟೀನುಗಳು, ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನಾದ ಹಿಸ್ಟೋನ್‌ಗೆ ಗುರುತು ಹಾಕುತ್ತವೆ: ಎಚ್3 ಎಂಬ ಹಿಸ್ಟೋನಿನ 27ನೇ ಅಮೈನೋ ಆಮ್ಲವಾದ ಲೈಸಿನ್‌ಗೆ ಮೂರು ಮೀಥೈಲ್ ಎಂಬ ಪುಟ್ಟ ರಾಸಾಯನಿಕ ತುಣುಕು. ಜೀನಿನ ಅಕ್ಷರ ಒಂದೂ ಬದಲಾಗುವುದಿಲ್ಲ, ಬೀಗ ಬಿತ್ತು ಅಷ್ಟೆ. ಕೋಶ ಒಡೆದು ಎರಡಾದರೆ ಬೀಗವೂ ಎರಡಕ್ಕೂ ಬೀಳುತ್ತದೆ, ಹಾಗಾಗಿ ಬಿಸಿಲು ಬಂದ ಮೇಲೂ ಗಿಡ ಚಳಿಯನ್ನು ಮರೆಯುವುದಿಲ್ಲ. ಬೀಜ ಕಟ್ಟುವಾಗ ಮಾತ್ರ ಬೀಗ ಕಳಚಿ, ಮರಿಗಿಡ ಮತ್ತೆ ಮೊದಲಿಂದ ಚಳಿ ಕಾಯಬೇಕು.

ನಮ್ಮಲ್ಲಿ ಜನವರಿ ಬೆಳಗ್ಗೆ ಕಂಬಳಿ ಹೊದ್ದರೂ ಮಧ್ಯಾಹ್ನ ಬೆವರುತ್ತೇವೆ. ಊರ ಮೂಲಂಗಿಗೆ ಅಷ್ಟು ಸಾಕು, ಕೋಸಿಗೆ ಸಾಲದು. ಅದರ ಬೀಜ ಆಗುವುದು ಹಿಮಾಚಲದ ಕುಲ್ಲು, ಕಾಶ್ಮೀರದಂಥ ಕಡೆ. ಸಾಲದ್ದಕ್ಕೆ ಕೋಸಿಗೆ ಸ್ವಂತ ಪರಾಗ ಒಗ್ಗುವುದಿಲ್ಲ, ಹೂವೇ ಬಂದಿದ್ದರೂ ಒಂಟಿ ಗಿಡದಲ್ಲಿ ಬೀಜ ಸಿಗುವುದು ಅಷ್ಟಕ್ಕಷ್ಟೇ.

ಹೋಗುವವರು ಬೆಳಗ್ಗೆಯೇ ಹೋಗಿ, ಹನ್ನೊಂದರ ಮೇಲೆ ಸೊರಗಿದ ಟ್ರೇ ಮಾತ್ರ ಉಳಿದಿರುತ್ತದೆ. ಅಂಗಡಿಯವರಿಗೆ ನನ್ನ ಕೋಸಿನ ಕಥೆ ಹೇಳಿದೆ. "ಹೌದಾ ಮೇಡಂ, ಹಂಗಾದ್ರೆ ನವಿಲುಕೋಸು ಬಿಟ್ಟು ನೋಡಿ" ಅಂದರು. ಈ ಸಲವೂ ಅಲ್ಲಿಂದಲೇ 50 ಸಸಿ ತಂದಿದ್ದೇನೆ.