ಸ್ಪ್ರೇ ಹಾಕಿದ ಕೈಯಿಂದ ರಕ್ತ ಕೊಡಬೇಡಿ

ಎಸ್ಟ್ರಾಡಿಯೋಲ್ ಎಂಬ ಹೆಣ್ಣು ಹಾರ್ಮೋನಿನ ಸ್ಪ್ರೇ ಬಳಸುವ ಟ್ರಾನ್ಸ್ ಮಹಿಳೆಯರು ರಕ್ತ ಪರೀಕ್ಷೆಗೆ ಹೋದಾಗ ಸ್ಪ್ರೇ ಹಾಕಿಕೊಂಡ ಕೈಯನ್ನು ಮುಂದೆ ಚಾಚಬಾರದು. ಇಷ್ಟು ಸರಳವಾದ ಸಂಗತಿಯನ್ನು, ನಾನಿರುವ ಇಂಗ್ಲೆಂಡಿನಲ್ಲಿ, ಔಷಧ ಬರೆದುಕೊಟ್ಟ ಕ್ಲಿನಿಕ್ಕಿನವರಾಗಲಿ ರಕ್ತ ತೆಗೆದ ನರ್ಸ್ ಆಗಲಿ ನನಗೆ ಹೇಳಲಿಲ್ಲ. ಅದರಿಂದ ನನ್ನ ಹಾರ್ಮೋನ್ ಚಿಕಿತ್ಸೆ ತಿಂಗಳುಗಟ್ಟಲೆ ಹಿಂದಕ್ಕೆ ಬಿತ್ತು.

ಇಲ್ಲಿ ಸಿಗುವ ಲೆಂಜೆಟೊ ಸ್ಪ್ರೇ ಮುಟ್ಟು ನಿಂತ ಮಹಿಳೆಯರಿಗಾಗಿ ಅನುಮತಿ ಪಡೆದ ಔಷಧ. ನಮ್ಮಂಥವರಿಗೆ ಅದನ್ನು ವೈದ್ಯರು ತಮ್ಮ ವಿವೇಚನೆಯ ಮೇಲೆ ಬರೆದುಕೊಡುತ್ತಾರೆ. ಒಮ್ಮೆ ಒತ್ತಿದರೆ 1.53 ಮಿಲಿಗ್ರಾಂ ಎಸ್ಟ್ರಾಡಿಯೋಲ್ ಮುಂಗೈಯ ಒಳಭಾಗಕ್ಕೆ ಬೀಳುತ್ತದೆ. ಅದರಲ್ಲಿರುವ ಆಲ್ಕೋಹಾಲ್ ಎರಡು ನಿಮಿಷಗಳಲ್ಲಿ ಆರಿಹೋದರೂ ಹಾರ್ಮೋನು ಚರ್ಮದ ಮೇಲ್ಪದರದಲ್ಲೇ ಉಳಿದು, ನಿಧಾನವಾಗಿ ರಕ್ತಕ್ಕೆ ಇಳಿಯುತ್ತಿರುತ್ತದೆ. ಪ್ರಯೋಗಾಲಯದವರು ಅಳೆಯುವುದಾದರೋ ಪೈಕೋಗ್ರಾಂಗಳಲ್ಲಿ, ಅಂದರೆ ಒಂದು ಗ್ರಾಂನ ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲಿನ ಲೆಕ್ಕದಲ್ಲಿ. ಸೂಜಿಯ ತುದಿಗೆ ಕಣ್ಣಿಗೆ ಕಾಣದಷ್ಟು ಅಂಟಿಕೊಂಡರೂ ವರದಿ ಕೆಡಲು ಅದು ಧಾರಾಳ ಸಾಕು.

ನನ್ನ ರಕ್ತವನ್ನು ತೆಗೆದದ್ದು ಬೆಳಿಗ್ಗೆ ಸ್ಪ್ರೇ ಹಾಕಿಕೊಂಡಿದ್ದ ಎಡಗೈಯ ಮೊಣಕೈ ಮಡಿಕೆಯಿಂದ. ವರದಿಯಲ್ಲಿ ಎಸ್ಟ್ರಾಡಿಯೋಲ್ ಲೀಟರಿಗೆ ಮೂರು ಸಾವಿರ ಪೈಕೋಮೋಲ್ ದಾಟಿತ್ತು. ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿ ಹೇಳುವ ಗುರಿ ಮಿಲಿಲೀಟರಿಗೆ 100ರಿಂದ 200 ಪೈಕೋಗ್ರಾಂ, ಎಂದರೆ ಇಲ್ಲಿಯ ವರದಿಗಳಲ್ಲಿ ಬಳಸುವ ಪೈಕೋಮೋಲ್ ಅಳತೆಯಲ್ಲಿ ಲೀಟರಿಗೆ ಸುಮಾರು 370ರಿಂದ 730. ರಕ್ತ ಹೆಪ್ಪುಗಟ್ಟುವ ಅಪಾಯವಿದೆಯೆಂದು ಹೆದರಿಸಿ, ಕ್ಲಿನಿಕ್ಕಿನವರು ಫೋನಿನಲ್ಲೇ ನನ್ನ ಡೋಸನ್ನು ಇಳಿಸಿಬಿಟ್ಟರು. ಕೆಲವೇ ವಾರಗಳಲ್ಲಿ ಎದೆ ಬೆಳೆಯುತ್ತಿರುವುದರ ಗುರುತಾಗಿದ್ದ ನೋವು ನಿಂತಿತು, ಮುಖದ ಜಿಡ್ಡು ಮರಳಿತು, ಮನಸ್ಸು ಕುಗ್ಗಿತು.

ವಿಪರ್ಯಾಸವೆಂದರೆ, ಎಡವಟ್ಟಿನ ಸುಳಿವು ಅದೇ ಹಾಳೆಯಲ್ಲಿತ್ತು. ಗಂಡು ಹಾರ್ಮೋನಾದ ಟೆಸ್ಟೊಸ್ಟೆರಾನನ್ನು ತಡೆಯುವ ಬೇರೆ ಔಷಧವನ್ನು ನಾನು ತೆಗೆದುಕೊಳ್ಳುತ್ತಿರಲಿಲ್ಲ. ಎಸ್ಟ್ರಾಡಿಯೋಲ್ ನಿಜಕ್ಕೂ ಅಷ್ಟು ಏರಿದ್ದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ತನ್ನ ಸಂಕೇತವನ್ನು ತಗ್ಗಿಸಿ ಟೆಸ್ಟೊಸ್ಟೆರಾನ್ ಕುಸಿಯಬೇಕಿತ್ತು; ಅದೋ ಗಂಡಸರ ಮಟ್ಟದಲ್ಲೇ ಇತ್ತು. ಎರಡು ಸಾಲುಗಳನ್ನು ಒಟ್ಟಿಗಿಟ್ಟು ಓದುವ ತಾಳ್ಮೆ ಯಾರಿಗೂ ಇರಲಿಲ್ಲ. ಮುಂದೆ ನೋಡಿದ ಬೇರೊಬ್ಬ ವೈದ್ಯೆ ಮಾತ್ರ ವರದಿಯ ಮೇಲೆ ಕಣ್ಣಾಡಿಸಿದವರೇ, “ಯಾವ ಕೈಯಿಂದ ತೆಗೆದರು?” ಎಂದು ಕೇಳಿದರು. ಬಲಗೈಯಿಂದ ಮತ್ತೆ ತೆಗೆದಾಗ ಮಟ್ಟ ಇನ್ನೂರು ಪೈಕೋಮೋಲನ್ನೂ ಮುಟ್ಟಿರಲಿಲ್ಲ.

ಆದ್ದರಿಂದ ಪರೀಕ್ಷೆಯ ದಿನ ಸ್ಪ್ರೇ ಎಷ್ಟು ಹೊತ್ತಿಗೆ ಹಾಕಿಕೊಳ್ಳಬೇಕೆಂದು ವೈದ್ಯರಿಂದ ಮೊದಲೇ ತಿಳಿದುಕೊಳ್ಳಿ. ಹಾಕಿದ ಕೈ ಮತ್ತು ಸಮಯವನ್ನು ರಕ್ತ ತೆಗೆಯುವವರಿಗೆ ಹೇಳಿ, ಚೀಟಿಯ ಮೇಲೆ ಬರೆಸಿ. ಎಣಿಕೆಗೆ ಹೊಂದದ ಅಂಕಿ ಬಂದರೆ, ಡೋಸ್ ಬದಲಿಸುವ ಮುನ್ನ ಮರುಪರೀಕ್ಷೆಗೆ ಪಟ್ಟು ಹಿಡಿಯಿರಿ. ಮುಂಗೈಗೆ ಹಾಕುವ ಎಸ್ಟ್ರಾಡಿಯೋಲ್ ಜೆಲ್ಲಿಗೂ ಇದೇ ಮಾತು ಅನ್ವಯಿಸುತ್ತದೆ, ಬೆಂಗಳೂರಿನಲ್ಲಿ ಅದನ್ನು ಬಳಸುವ ಗೆಳತಿಯರು ಗಮನಿಸಬೇಕು.

ಮನೆಯಲ್ಲಿ ಮಕ್ಕಳಿರುವವರಿಗೆ ಇನ್ನೊಂದು ಮಾತು. ಚರ್ಮದ ಮೇಲೆ ಉಳಿದದ್ದು ಇತರರ ಮೈಗೂ ದಾಟುತ್ತದೆ. ಇಂಥದೇ ಸ್ಪ್ರೇಯಾದ ಇವಾಮಿಸ್ಟ್ ಬಳಸುವವರ ಮೈ ತಾಗಿ ಚಿಕ್ಕ ಮಕ್ಕಳಲ್ಲಿ ಎದೆ ಬೆಳೆದದ್ದು ವರದಿಯಾಗಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಎಚ್ಚರಿಕೆ ಹೊರಡಿಸಿತ್ತು. ಸಾಕುಪ್ರಾಣಿಗಳ ಹೆಸರೂ ಅದರಲ್ಲಿತ್ತು. ಮಗುವನ್ನು ಎತ್ತಿಕೊಳ್ಳುವ ಮುನ್ನ ಮುಂಗೈ ಮುಚ್ಚುವಂತೆ ತುಂಬು ತೋಳಿನ ಬಟ್ಟೆ ಹಾಕಿಕೊಳ್ಳಿ.