ಮೇಲೆ ನೇರ, ಕೆಳಗೆ ಓರೆ: ನನ್ನ ಜಿಗ್‌ಸಾ ಜೊತೆ ಮೂರು ವರ್ಷ

ಜಿಗ್‌ಸಾ ಅಂದರೆ ಸಣ್ಣ ಬ್ಲೇಡ್ ಮೇಲೆ ಕೆಳಗೆ ಆಡುತ್ತ ಮರ ಕೊಯ್ಯುವ ಕೈ ಮಷೀನು. ತಂದ ಮೊದಲ ಆರು ತಿಂಗಳು ಇದನ್ನು ಬೈಯದ ದಿನವೇ ಇರಲಿಲ್ಲ. ಮೇಲಿಂದ ನೋಡಿದರೆ ಪೆನ್ಸಿಲ್ ಗೆರೆ ಹಿಡಿದೇ ಕೊಯ್ದಿರುತ್ತದೆ, ಹಲಗೆ ತಿರುಗಿಸಿದರೆ ಕೆಳಗೆ ಮೂರು ಮಿಲಿಮೀಟರ್ ಓರೆ. ಹಳೆಯ ಅಗ್ಗದ ಜಿಗ್‌ಸಾ ಹೀಗೆ ಮಾಡುತ್ತಿತ್ತು ಅಂತಲೇ ಅದರ ಮೂರು ಪಟ್ಟು ದುಡ್ಡು ಕೊಟ್ಟು ಇದನ್ನು ತಂದಿದ್ದೆ. ಹೊಟ್ಟೆ ಉರಿಯದೆ ಇರುತ್ತಾ?

ನನ್ನದು ಒಂದು ಮೇಜು ಹಿಡಿಯುವಷ್ಟು ಜಾಗ. ಮೇಜಿಗೇ ಗರಗಸ ಕೂರಿಸಿದ ಟೇಬಲ್ ಸಾ ಇಟ್ಟರೆ ನಾನು ಹೊರಗೆ ನಿಲ್ಲಬೇಕು. ಹಾಗಾಗಿ ಶೆಲ್ಫಿನ ಹಲಗೆ, ಸ್ಟೂಲಿನ ಕಾಲು, ಗುಂಡಗಿನ ತಟ್ಟೆ ಎಲ್ಲದಕ್ಕೂ ಇದೊಂದೇ. ವಾಟ್ ಎಷ್ಟು, ನಿಮಿಷಕ್ಕೆ ಎಷ್ಟು ಹೊಡೆತ ಅನ್ನುವುದೆಲ್ಲ ಡಬ್ಬದ ಮೇಲೇ ಇರುತ್ತದೆ, ನೋಡಿಕೊಳ್ಳಿ.

ಓರೆಯ ಕಥೆಗೆ ಬರುತ್ತೇನೆ. ಒಂದು ಸಂಜೆ 38 ಮಿಲಿಮೀಟರ್ ದಪ್ಪದ ಗಟ್ಟಿ ಮರದಲ್ಲಿ ಎರಡು ಬ್ರಾಕೆಟ್ ಕೊಯ್ದೆ. ಎರಡೂ ಹಾಳು. ರೇಗಿ, ಪ್ಲಗ್ ಕಿತ್ತು, ಮಷೀನನ್ನು ಮಗುಚಿ ಹಾಕಿ, ಬೇಸ್ ಪ್ಲೇಟಿನ (ಮರದ ಮೇಲೆ ಕೂರುವ, ಬೇಕಾದರೆ ಓರೆ ಮಾಡಬಹುದಾದ ತಳದ ತಗಡು) ಮೇಲೆ ಮೂಲೆಮಟ್ಟ ಇಟ್ಟು ಬ್ಲೇಡಿಗೆ ತಾಗಿಸಿ ಬಲ್ಬಿನ ಕಡೆ ಹಿಡಿದು ನೋಡಿದೆ. ಬ್ಲೇಡಿನ ಬುಡದಲ್ಲಿ ಬೆಳಕೇ ಇಲ್ಲ, ತುದಿಯಲ್ಲಿ ಕೂದಲೆಳೆಯಷ್ಟು ಬೆಳಕು. ಸೊನ್ನೆ ಡಿಗ್ರಿ ಅಂತ ಗುರುತು ಹಾಕಿದ ಜಾಗ ಸೊನ್ನೆ ಅಲ್ಲವೇ ಅಲ್ಲ! ಸ್ಕ್ರೂ ಸಡಿಲಿಸಿ ಸರಿಮಾಡಿದೆ. ಅರ್ಧ ಓರೆ ಹೋಯಿತು.

ಉಳಿದರ್ಧ ನನ್ನ ತಪ್ಪು. ಇದನ್ನು ಒಪ್ಪಿಕೊಳ್ಳುವುದಕ್ಕೆ ಇನ್ನೂ ಎರಡು ತಿಂಗಳು ಬೇಕಾಯಿತು.

ಜಿಗ್‌ಸಾ ಹುಟ್ಟಿದ ಕಥೆ ಓದಿದ ಮೇಲೆ ತಲೆಗೆ ಹೊಳೆದಿದ್ದು. 1946ರಲ್ಲಿ ಸ್ವಿಟ್ಜರ್ಲೆಂಡಿನ ಸಿಂಟಿಲ್ಲಾ ಕಂಪನಿಯ ಎಂಜಿನಿಯರ್ ಆಲ್ಬರ್ಟ್ ಕಾಫ್‌ಮನ್ ಹೊಲಿಗೆ ಯಂತ್ರದ ಸೂಜಿ ತೆಗೆದು ಅಲ್ಲಿ ಗರಗಸದ ಬ್ಲೇಡ್ ಸಿಕ್ಕಿಸಿ ನೋಡಿದರಂತೆ. ಹೊಲಿಗೆ ಯಂತ್ರ ಅಂದ ತಕ್ಷಣ ನೆನಪಾಗಿದ್ದು ಅಮ್ಮನ ಬೈಗುಳ: "ಬಟ್ಟೆ ಎಳೀಬೇಡ ಕಣೋ, ಅದೇ ತಗೊಳ್ಳತ್ತೆ. ಎಳೆದ್ರೆ ಸೂಜಿ ಬಾಗತ್ತೆ." ಇಲ್ಲೂ ಅದೇ ಅಲ್ವಾ! ಬ್ಲೇಡಿಗೆ ಹಿಡಿತ ಇರುವುದು ಮೇಲೆ ಮಾತ್ರ, ಹಿಂದೆ ಒಂದು ಸಣ್ಣ ರೋಲರ್, ಕೆಳತುದಿ ಗಾಳಿಯಲ್ಲಿ. ನಾನು ಆರ್ಬಿಟಲ್ ಗುಂಡಿಯನ್ನು (ಬ್ಲೇಡನ್ನು ಹಿಂದೆ ಮುಂದೆಯೂ ತೂಗಿಸಿ ಬೇಗ ಕೊಯ್ಯಿಸುವಂಥದ್ದು) 3ಕ್ಕೆ ತಿರುಗಿಸಿ, ತಿರುವುಗಳಿಗೆಂದೇ ಇರುವ ತೆಳು ಬ್ಲೇಡ್ ಹಾಕಿ, ಮೈಭಾರವನ್ನೆಲ್ಲ ಬಿಟ್ಟು ನೂಕುತ್ತಿದ್ದೆ. ಬಾಗದೆ ಇನ್ನೇನು ಮಾಡುತ್ತೆ ಪಾಪ.

ಈಗ ದಪ್ಪ ಮರಕ್ಕೆ ದೊಡ್ಡ ಹಲ್ಲಿನ ಅಗಲ ಬ್ಲೇಡ್, ಆರ್ಬಿಟಲ್ 1, ವೇಗ ಪೂರ್ತಿ. ಕೈಯಿಂದ ದಾರಿ ತೋರಿಸುವುದಷ್ಟೇ. ಬ್ಲೇಡ್ ಬಾಗಲು ಶುರುವಾದರೆ ಸದ್ದೇ ಬದಲಾಗುತ್ತದೆ, ಸಣ್ಣಗೆ ಕುಯ್ಯೋ ಅನ್ನುತ್ತಿದ್ದದ್ದು ಗೊರಗೊರ ಅನ್ನುತ್ತದೆ. ಕೇಳಿದ ಕೂಡಲೇ ಕೈ ತಡೆಯುತ್ತೇನೆ. ಓರೆ ಈಗ ಅರ್ಧ ಮಿಲಿಮೀಟರ್, ಅಷ್ಟನ್ನು ಅರದಿಂದ ಉಜ್ಜಿದರೆ ಸಾಕು.

ಈ ಜಗಳದ ನಡುವೆ ಕೆಲವು ಅಭ್ಯಾಸ ಬೆಳೆದುಬಿಟ್ಟಿವೆ, ಅವು ಇಲ್ಲದೆ ಕೆಲಸ ಶುರುಮಾಡಿದರೆ ಏನೋ ಮರೆತ ಹಾಗೆ. ಹಳೆ ಟೂತ್ ಬ್ರಷ್‌ನಿಂದ ರೋಲರಿನ ಸಂದಿಯ ಹೊಟ್ಟು ಉದುರಿಸಿ ಒಂದೇ ಒಂದು ತೊಟ್ಟು ಎಣ್ಣೆ. ಬೇಸ್ ಪ್ಲೇಟಿನ ಅಡಿಗೆ ಮಾಸ್ಕಿಂಗ್ ಟೇಪ್, ಲ್ಯಾಮಿನೇಟ್ ಮೇಲೆ ಗೀರು ಬೀಳದ ಹಾಗೆ. ಆಮೇಲೆ ಚೂರು ಮರದ ಮೇಲೆ ಒಂದು ಕೊಯ್ತ, ಮೂಲೆಮಟ್ಟ, ಬಲ್ಬು. ಹತ್ತು ನಿಮಿಷ ಹೋಗುತ್ತದೆ. ಹೋಗಲಿ.

ಪ್ಲೈವುಡ್ ಕೊಯ್ಯುವವರಿಗೆ ಒಂದು ಮಾತು. ಮಾಮೂಲಿ ಬ್ಲೇಡಿನ ಹಲ್ಲು ಮೇಲ್ಮುಖ, ಮೇಲೇರುವಾಗ ಕೊಯ್ಯುತ್ತದೆ, ಹಾಗಾಗಿ ಚಕ್ಕೆ ಏಳುವುದು ಮೇಲ್ಭಾಗದಲ್ಲೇ. ಚೆನ್ನಾಗಿರುವ ಮುಖವನ್ನು ಕೆಳಗೆ ಮಾಡಿ ಹಿಂಬದಿಯಲ್ಲಿ ಗೆರೆ ಎಳೆಯಿರಿ. ಉಲ್ಟಾ ಹಲ್ಲಿನ ಬ್ಲೇಡೂ ಇದೆ, ಆದರೆ ಅದು ಮಷೀನನ್ನೇ ಮೇಲಕ್ಕೆ ತಳ್ಳುತ್ತದೆ, ಒತ್ತಿ ಹಿಡಿದು ಹಿಡಿದು ನನ್ನ ಮಣಿಕಟ್ಟು ಸೋತಿತು.

ಕೊಳ್ಳುವವರು ಪವರ್ ನೋಡಿ ಮರುಳಾಗಬೇಡಿ. ಬ್ಲೇಡ್ ಹಾಕಿಸಿ, ತುದಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಬುಡದಲ್ಲೇ ಲೊಡಲೊಡ ಅಂದರೆ ವಾಪಸ್ ಇಟ್ಟುಬಿಡಿ. ಬ್ಲೇಡಿನ ಬುಡ ಟಿ ಆಕಾರದ್ದಾಗಿರಲಿ, ಅದು ಎಲ್ಲ ಕಡೆ ಸಿಗುತ್ತದೆ. ಮೇಲೆ ಹಿಡಿ ಇರುವುದೋ, ಮೋಟಾರಿನ ಮೈಯನ್ನೇ ಹಿಡಿಯುವುದೋ ಅನ್ನುವುದು ಕೈಗೆ ಬಿಟ್ಟಿದ್ದು. ನನ್ನದು ಎರಡನೆಯದು, ಕೈ ಮರದ ಹತ್ತಿರವೇ ಇರುವುದರಿಂದ ತಿರುವು ಸಲೀಸು. ಆದರೆ ಸ್ವಿಚ್ ಜಾರಿಸುವಂಥದ್ದು, ಕೈ ಬಿಟ್ಟರೆ ತಾನಾಗಿ ನಿಲ್ಲಲ್ಲ. ಇದಕ್ಕೆ ಒಗ್ಗಿಕೊಳ್ಳುವವರೆಗೆ ಹುಷಾರು. ಬರೀ ದಪ್ಪ ಹಲಗೆಗಳನ್ನು ಉದ್ದಕ್ಕೆ ನೇರ ಸೀಳುವುದೇ ನಿಮ್ಮ ಕೆಲಸ ಅಂದರೆ ಸುಮ್ನೆ ಸರ್ಕ್ಯುಲರ್ ಸಾ ತಗೊಳ್ಳಿ, ಜಿಗ್‌ಸಾ ತಂದು ಒದ್ದಾಡಬೇಡಿ.

ಬ್ಲೇಡ್ ಬದಲಿಸುವುದು ಮಾತ್ರ ಇಂದಿಗೂ ಖುಷಿ. ಮಷೀನಿನ ಸಣ್ಣ ಲಿವರ್ ಎತ್ತಿದರೆ ಬಿಸಿ ಬ್ಲೇಡ್ ತಾನೇ ಹಾರಿ ಬೀಳುತ್ತದೆ, ಬೆರಳು ಸುಡುವ ಮಾತೇ ಇಲ್ಲ. ಇಷ್ಟು ಬುದ್ಧಿ ಓಡಿಸಿದವರು ಬೇಸ್ ಪ್ಲೇಟ್ ಓರೆ ಮಾಡುವುದಕ್ಕೆ ಸ್ಕ್ರೂ ತಿರುಗಿಸುವ ಒಂದು ಅಲೆನ್ ಕೀ ಕೊಟ್ಟು, ಅದನ್ನು ಮಷೀನ್ ನಡುಗಿದರೆ ಉದುರುವಂಥ ಕ್ಲಿಪ್ಪಿಗೆ ಸಿಕ್ಕಿಸಿದ್ದಾರೆ. ನಡುಗುವುದೇ ಅದರ ಕಸುಬು! ಎರಡು ಸಲ ಹೊಟ್ಟಿನ ಗುಡ್ಡೆಯಲ್ಲಿ ಹುಡುಕಿದ ಮೇಲೆ ದಾರದಿಂದ ವೈರಿಗೆ ಕಟ್ಟಿಹಾಕಿದ್ದೇನೆ, ಪ್ಲಗ್ಗಿನ ಹತ್ತಿರ.