ಲೆಕ್ಕ ಮೊದಲೋ, ಚಿತ್ರ ಮೊದಲೋ: ವೆಕ್ಟರ್ ಕ್ಯಾಲ್ಕುಲಸ್ ಮೂರು ಬಗೆಯಲ್ಲಿ ಓದಿ ನೋಡಿದ್ದು

ಬಹುಚರ ಕಲನವನ್ನು, ಅಂದರೆ ಒಂದಕ್ಕಿಂತ ಹೆಚ್ಚು ಚರಗಳ ಕ್ಯಾಲ್ಕುಲಸನ್ನು, ಅದರ ಭಾಗವಾದ ವೆಕ್ಟರ್ ಕ್ಯಾಲ್ಕುಲಸ್ ಸಮೇತ ನಾನು ಮೂರು ಸಲ ಓದಿದ್ದೇನೆ. ಪದವಿಯ ಎರಡನೇ ವರ್ಷದಲ್ಲಿ ಪರೀಕ್ಷೆಗೆಂದು, ಬರೀ ಲೆಕ್ಕ ಬಿಡಿಸುತ್ತಾ. ಮರುವರ್ಷ ವಿದ್ಯುತ್ಕಾಂತೀಯ ಸಿದ್ಧಾಂತದ ತರಗತಿಯಲ್ಲಿ ಕಂಗೆಟ್ಟು, ಚಿತ್ರ ಬರೆದು, ನೀರಿನ ಹರಿವನ್ನು ಕಲ್ಪಿಸಿಕೊಂಡು. ಸ್ನಾತಕೋತ್ತರಕ್ಕೆ ಬಂದ ಮೇಲೆ ಡಿಫರೆನ್ಷಿಯಲ್ ಫಾರ್ಮ್‌ಗಳ (ಇಂಟಿಗ್ರಲ್ ಚಿಹ್ನೆಯ ಒಳಗೆ ಕೂರುವ ರಾಶಿಗಳ) ಮೂಲಕ. ವಿಷಯ ಒಂದೇ, ಪ್ರಮೇಯಗಳೂ ಅವೇ. ಆದರೆ ಪ್ರತಿ ಸಲ ಕೈಗೆ ಸಿಕ್ಕಿದ್ದು ಬೇರೆ, ತಪ್ಪಿಹೋದದ್ದೂ ಬೇರೆ. ಮೊದಲ ಸಲ ಓದುವವರು ಹರಿವಿನ ಚಿತ್ರದಿಂದ ಶುರು ಮಾಡಬೇಕು, ಲೆಕ್ಕವನ್ನು ಅದರ ಜೊತೆಗೇ ಮಾಡಬೇಕು, ಫಾರ್ಮ್‌ಗಳನ್ನು ಆಮೇಲೆ ಓದಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಏಕೆಂದು ಹೇಳುತ್ತೇನೆ.

ಲೆಕ್ಕದ ದಾರಿಯನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಇಂಟಿಗ್ರಲ್‌ನ ಮಿತಿಗಳನ್ನು ಗುರುತಿಸುವ ಕೆಲಸ ಮಾಡಿ ಮಾಡಿಯೇ ಕೈಗೆ ಹತ್ತುವಂಥದ್ದು. ಒಂದು ಉದಾಹರಣೆ: 'ಇ'ಯ ಘಾತದಲ್ಲಿ ವೈ ವರ್ಗ ಇರುವ ಫಂಕ್ಷನ್, ವೈ ಎಕ್ಸ್‌ನಿಂದ 1ರವರೆಗೆ, ಆಮೇಲೆ ಎಕ್ಸ್ 0ಯಿಂದ 1ರವರೆಗೆ. ಕೊಟ್ಟ ಕ್ರಮದಲ್ಲೇ ಹೊರಟರೆ ಮೊದಲ ಹೆಜ್ಜೆಗೇ ದಾರಿ ಮುಚ್ಚುತ್ತದೆ, ಆ ಫಂಕ್ಷನ್ನಿಗೆ ನಮಗೆ ಗೊತ್ತಿರುವ ಸರಳ ರೂಪದ ಪ್ರತಿ-ಅವಕಲಜವೇ ಇಲ್ಲ. ತ್ರಿಕೋನವನ್ನು ಬರೆದು ಕ್ರಮ ಅದಲುಬದಲು ಮಾಡಿದರೆ ಒಳಗಿನ ಇಂಟಿಗ್ರಲ್‌ನಿಂದ ಒಂದು ವೈ ಹೊರಬಂದು ಎಲ್ಲವನ್ನೂ ಸಲೀಸು ಮಾಡುತ್ತದೆ. ಉತ್ತರ, ಇ ಕಳೆ ಒಂದು, ಅದರ ಅರ್ಧ. ಇಂಥ ಮೂವತ್ತು ನಲವತ್ತು ಲೆಕ್ಕ ಮಾಡಿದ ಮೇಲೆ ಪೋಲಾರ್‌ಗೆ ಬದಲಿಸುವಾಗ 'ಆರ್' ಗುಣಕವನ್ನು ಮರೆಯುವ ಚಟ ನನ್ನನ್ನು ಬಿಟ್ಟಿತು.

ಫೀಲ್ಡ್ ಎಂದರೆ ಪ್ರತಿ ಬಿಂದುವಿನಲ್ಲೂ ಒಂದು ಬಾಣ, ಅದು ಅಲ್ಲಲ್ಲಿ ಎಷ್ಟು ತಿರುಗುತ್ತದೆ ಎಂಬುದರ ಅಳತೆ ಕರ್ಲ್. ಆದರೆ ಆ ವರ್ಷದ ಕೊನೆಗೂ ನನಗೆ ಕರ್ಲ್ ಎಂದರೆ ಮೂರು ಸಾಲಿನ ಒಂದು ಡಿಟರ್ಮಿನೆಂಟ್, ಅಷ್ಟೇ. ಎಕ್ಸ್ ದಿಕ್ಕಿನಲ್ಲಿ ಮೈನಸ್ ವೈ, ವೈ ದಿಕ್ಕಿನಲ್ಲಿ ಎಕ್ಸ್ ಇರುವ ಫೀಲ್ಡ್‌ನ ಕರ್ಲ್ 2 ಎಂದು ಹತ್ತು ಸೆಕೆಂಡಿನಲ್ಲಿ ಹೇಳುತ್ತಿದ್ದೆ. ಆ 2 ಯಾವುದರ 2 ಎಂದು ಯಾರಾದರೂ ಕೇಳಿದ್ದರೆ ಬಾಯಿ ಕಟ್ಟುತ್ತಿತ್ತು. ಅಂಕ ಚೆನ್ನಾಗಿಯೇ ಬಂತು. ಮುಂದಿನ ವರ್ಷ ವಿದ್ಯುತ್ಕಾಂತತ್ವದ ಮೂಲ ನಿಯಮಗಳಾದ ಮ್ಯಾಕ್ಸ್‌ವೆಲ್ ಸಮೀಕರಣಗಳು ಬೋರ್ಡಿನ ಮೇಲೆ ಬಂದಾಗ ಪ್ರತಿ ಚಿಹ್ನೆಯೂ ಪರಿಚಿತ, ಒಂದು ವಾಕ್ಯವೂ ಅರ್ಥವಾಗಲಿಲ್ಲ.

ಎರಡನೇ ಸಲ ಶುರು ಮಾಡಿದ್ದು ಒಂದೇ ಚಿತ್ರದಿಂದ. ಒಂದು ಘನಾಕೃತಿ, ಅದರೊಳಗೆ ದ್ರವ ಹರಿಯುತ್ತಿದೆ. ಅದನ್ನು ಪುಟ್ಟ ಪುಟ್ಟ ಪೆಟ್ಟಿಗೆಗಳಾಗಿ ಕತ್ತರಿಸಿ. ಪ್ರತಿ ಪೆಟ್ಟಿಗೆಯಿಂದ ಹೊರಬೀಳುವ ನಿವ್ವಳ ಹರಿವನ್ನು ಅದರ ಗಾತ್ರದಿಂದ ಭಾಗಿಸಿ, ಪೆಟ್ಟಿಗೆ ಕುಗ್ಗುತ್ತಾ ಹೋದಾಗ ಉಳಿಯುವುದು ಡೈವರ್ಜೆನ್ಸ್. ಅಕ್ಕಪಕ್ಕದ ಎರಡು ಪೆಟ್ಟಿಗೆಗಳ ನಡುವಿನ ಗೋಡೆಯಲ್ಲಿ ಒಂದರಿಂದ ಹೊರಹೋದದ್ದು ಇನ್ನೊಂದಕ್ಕೆ ಒಳಬರುತ್ತದೆ, ಎರಡೂ ವಜಾ. ಎಲ್ಲವನ್ನೂ ಕೂಡಿಸಿದಾಗ ಉಳಿಯುವುದು ಹೊರಗಿನ ಗೋಡೆ ಮಾತ್ರ. ಡೈವರ್ಜೆನ್ಸ್ ಪ್ರಮೇಯ ಎಂದರೆ ಇದು. ಒಂದು ವರ್ಷ ಸೂತ್ರವಾಗಿ ಉರು ಹೊಡೆದದ್ದು ಅರ್ಧ ಗಂಟೆಯಲ್ಲಿ ಕಣ್ಣೆದುರು ನಿಂತಿತು, ಆ ಸಂಜೆಯ ಸಂತೋಷ ಇನ್ನೂ ನೆನಪಿದೆ.

ಎರಡೂ ದಾರಿಯನ್ನು ಒಂದೇ ಲೆಕ್ಕದ ಮೇಲೆ ಇಟ್ಟು ನೋಡಿದೆ. ಪ್ರತಿ ಬಿಂದುವಿನಲ್ಲೂ ಸ್ಥಾನ ಸದಿಶವೇ (ಮೂಲಬಿಂದುವಿನಿಂದ ಅಲ್ಲಿಗೆ ಚಾಚಿದ ಬಾಣವೇ) ಫೀಲ್ಡ್ ಆಗಿರಲಿ, ಮೂಲಬಿಂದುವೇ ಕೇಂದ್ರವಾದ, ತ್ರಿಜ್ಯ 'ಎ' ಇರುವ ಗೋಳದಿಂದ ಹೊರಬೀಳುವ ಫ್ಲಕ್ಸ್, ಅಂದರೆ ಮೇಲ್ಮೈ ದಾಟುವ ಒಟ್ಟು ಹರಿವು, ಎಷ್ಟು? ಹಳೆಯ ನೋಟ್ಸಿನಲ್ಲಿ ಎರಡು ಕೋನಗಳ ಪ್ಯಾರಮೀಟರ್, ಕ್ರಾಸ್ ಪ್ರಾಡಕ್ಟ್, ಸೈನ್ ಕೊಸೈನ್ ಎಲ್ಲ ಸೇರಿ ಒಂದು ಪುಟ ತುಂಬಿತ್ತು. ಚಿತ್ರ ನೋಡಿದರೆ ಫೀಲ್ಡ್ ಎಲ್ಲೆಡೆ ಮೇಲ್ಮೈಗೆ ಲಂಬ, ಅದರ ಉದ್ದ ಎಲ್ಲೆಡೆ ಎ. ಮೇಲ್ಮೈ ವಿಸ್ತೀರ್ಣ ನಾಲ್ಕು ಪೈ ಎ-ವರ್ಗ. ಗುಣಿಸಿದರೆ ನಾಲ್ಕು ಪೈ ಎ-ಘನ. ಡೈವರ್ಜೆನ್ಸ್ 3, ಗೋಳದ ಘನಫಲದಿಂದ ಗುಣಿಸಿದರೂ ಅದೇ. ಇನ್ನು ಆ 2ರ ವಿಷಯ: ತಿರುಗುತ್ತಿರುವ ತಟ್ಟೆಯ ಕೋನೀಯ ವೇಗ 1 ಇದ್ದರೆ ಕರ್ಲ್ ಅದರ ಎರಡರಷ್ಟು. ನನ್ನ ಡಿಟರ್ಮಿನೆಂಟ್ ಕೊಡುತ್ತಿದ್ದುದು ತಿರುಗುವಿಕೆಯ ಇಮ್ಮಡಿ.

ಲಿಮಿಟ್ ವಿಷಯದಲ್ಲೂ ಚಿತ್ರಕ್ಕೇ ಗೆಲುವು, ಅದೂ ನಾನು ಪರೀಕ್ಷೆಯಲ್ಲಿ ತಪ್ಪಿದ ಲೆಕ್ಕದಲ್ಲೇ. ಅಂಶದಲ್ಲಿ ಎಕ್ಸ್-ವರ್ಗ ವೈ, ಛೇದದಲ್ಲಿ ಎಕ್ಸ್‌ನ ನಾಲ್ಕನೇ ಘಾತ ಕೂಡು ವೈ-ವರ್ಗ. ಮೂಲಬಿಂದುವಿಗೆ ಯಾವ ಸರಳರೇಖೆಯ ಮೇಲೆ ಬಂದರೂ ಬೆಲೆ ಸೊನ್ನೆಗೆ ಇಳಿಯುತ್ತದೆ. ಅದನ್ನು ನೋಡಿ ಲಿಮಿಟ್ ಸೊನ್ನೆ ಎಂದು ಬರೆದು ಬಂದಿದ್ದೆ. ಕಾಂಟೂರ್ ಬರೆದಾಗಷ್ಟೇ ಕಂಡಿತು: ಸಮಬೆಲೆಯ ರೇಖೆಗಳೆಲ್ಲ ಪ್ಯಾರಾಬೋಲಗಳು, ಬೆಲೆ ಎಲ್ಲದರಲ್ಲೂ ಒಂದೇ ಅಲ್ಲ, ಆದರೂ ಎಲ್ಲವೂ ಮೂಲಬಿಂದುವಿಗೇ ಬಂದು ಸೇರುತ್ತವೆ. ವೈ ಎಕ್ಸ್-ವರ್ಗಕ್ಕೆ ಸಮ ಇರುವ ಪ್ಯಾರಾಬೋಲದ ಉದ್ದಕ್ಕೂ ಬೆಲೆ ಅರ್ಧ. ಲಿಮಿಟ್ ಇಲ್ಲವೇ ಇಲ್ಲ. ಇಲ್ಲಿ ಚಿತ್ರ ಎಂದರೆ ಕೈಯಲ್ಲಿ ಗೀಚಿದ ಕಾಂಟೂರ್. ಕಂಪ್ಯೂಟರಿನಲ್ಲಿ ಮೌಸ್ ಹಿಡಿದು ತಿರುಗಿಸುವ ಮೂರು ಆಯಾಮದ ಗ್ರಾಫ್ ಇಂಥ ಬಿಂದುವಿನ ಹತ್ತಿರ ಬಲೆಯ ಕಣ್ಣುಗಳ ನಡುವೆ ಸತ್ಯವನ್ನು ನುಂಗಿಬಿಡುತ್ತದೆ, ನೋಡುವವರಿಗೆ ಮಾತ್ರ ಎಲ್ಲ ತಿಳಿದಂತೆ ಅನಿಸುತ್ತದೆ.

ಚಿತ್ರ ನನಗೆ ಮೋಸ ಮಾಡಿದ್ದೂ ಉಂಟು. ಅದೇ ತಿರುಗುವ ಫೀಲ್ಡನ್ನು ದೂರದ ವರ್ಗದಿಂದ ಭಾಗಿಸಿ. ಬಾಣಗಳೆಲ್ಲ ಕೇಂದ್ರದ ಸುತ್ತ ಸುತ್ತುತ್ತವೆ, ಕರ್ಲ್ ಇದ್ದೇ ಇರಬೇಕು ಎಂದು ಕಣ್ಣು ಒತ್ತಿ ಹೇಳುತ್ತದೆ. ಲೆಕ್ಕ ಮಾಡಿದರೆ ಮೂಲಬಿಂದು ಬಿಟ್ಟು ಉಳಿದೆಡೆ ಕರ್ಲ್ ಸೊನ್ನೆ. ಅಲ್ಲಿ ಒಂದು ಪುಟ್ಟ ಚಕ್ರ ತೇಲಿಬಿಟ್ಟರೆ ಅದು ಕೇಂದ್ರವನ್ನು ಸುತ್ತುತ್ತದೆಯೇ ಹೊರತು ತನ್ನ ಅಕ್ಷದ ಮೇಲೆ ತಿರುಗುವುದಿಲ್ಲ. ಆದರೂ ಕೇಂದ್ರವನ್ನು ಒಂದು ಸುತ್ತು ಹಾಕಿದ ಲೈನ್ ಇಂಟಿಗ್ರಲ್ (ದಾರಿಯುದ್ದಕ್ಕೂ ಫೀಲ್ಡನ್ನು ಕೂಡಿಸಿದ ಮೊತ್ತ) ಎರಡು ಪೈ. ಕರ್ಲ್ ಸೊನ್ನೆ ಇದ್ದರೆ ಫೀಲ್ಡ್ ಕನ್ಸರ್ವೇಟಿವ್ (ಯಾವ ಮುಚ್ಚಿದ ಸುತ್ತಿನ ಮೇಲೂ ಮೊತ್ತ ಸೊನ್ನೆ) ಎಂದು ಮೊದಲ ಸಲ ಓದುವಾಗ ಕಣ್ಣುಮುಚ್ಚಿ ಬರೆಯುತ್ತಿದ್ದ ವಾಕ್ಯ ಇಲ್ಲಿ ಬಿದ್ದುಹೋಗುತ್ತದೆ, ಏಕೆಂದರೆ ಫೀಲ್ಡ್ ಇರುವ ಪ್ರದೇಶದ ನಡುವೆ, ಮೂಲಬಿಂದುವಿನಲ್ಲಿ, ತೂತಿದೆ. ಇದನ್ನು ಲೆಕ್ಕವೊಂದೇ ತೋರಿಸಿಕೊಡಲಿಲ್ಲ, ಚಿತ್ರವೊಂದೇ ಕೂಡ ಅಲ್ಲ. ಎರಡು ಜಗಳವಾಡಿದಾಗ ತಿಳಿಯಿತು.

ಇಂದು ಪಠ್ಯದಲ್ಲಿ ಕಾಣುವ ಡಾಟ್ ಮತ್ತು ಕ್ರಾಸ್ ಗುಣಾಕಾರದ ರೂಪ ಭೌತಶಾಸ್ತ್ರದ ಮನೆಯದು: ಯೇಲ್ ವಿಶ್ವವಿದ್ಯಾಲಯದ ಗಿಬ್ಸ್ ತಮ್ಮ ಭೌತಶಾಸ್ತ್ರ ವಿದ್ಯಾರ್ಥಿಗಳಿಗಾಗಿ 1881 ಮತ್ತು 1884ರಲ್ಲಿ ಖಾಸಗಿಯಾಗಿ ಅಚ್ಚು ಹಾಕಿಸಿದ ಟಿಪ್ಪಣಿಗಳಿಂದ ಅದು ಹರಡಿತು. ಮೇಲ್ಮೈಯ ಮೂಲಕ ಕರ್ಲ್‌ನ ಫ್ಲಕ್ಸ್ ಅದರ ಅಂಚಿನ ಲೈನ್ ಇಂಟಿಗ್ರಲ್‌ಗೆ ಸಮ ಎನ್ನುವ ಸ್ಟೋಕ್ಸ್ ಪ್ರಮೇಯವನ್ನು 1850ರಲ್ಲಿ ಭೌತವಿಜ್ಞಾನಿ ಕೆಲ್ವಿನ್ ಸ್ಟೋಕ್ಸ್‌ಗೆ ಪತ್ರದಲ್ಲಿ ಬರೆದು ತಿಳಿಸಿದ್ದರು. 1854ರಲ್ಲಿ ಸ್ಟೋಕ್ಸ್ ಅದನ್ನು ಕೇಂಬ್ರಿಡ್ಜ್‌ನ ಸ್ಮಿತ್ ಬಹುಮಾನ ಪರೀಕ್ಷೆಯಲ್ಲಿ ಪ್ರಶ್ನೆಯಾಗಿ ಕೊಟ್ಟರು. ಆ ವರ್ಷ ಪರೀಕ್ಷೆ ಬರೆದವರಲ್ಲಿ ಮ್ಯಾಕ್ಸ್‌ವೆಲ್ ಕೂಡ ಇದ್ದರು. ಹರಿವಿನ ಚಿತ್ರವನ್ನು ಕಿತ್ತು ಸೂತ್ರವನ್ನಷ್ಟೇ ಕಲಿಸುವುದು ಈ ವಿಷಯಕ್ಕೆ ಮಾಡುವ ಅನ್ಯಾಯ ಎಂದು ನನಗೆ ಅನಿಸುವುದು ಇದೇ ಕಾರಣಕ್ಕೆ.

ಮೂರನೆಯದಾದ ಫಾರ್ಮ್‌ಗಳ ದಾರಿ ಅತ್ಯಂತ ಸುಂದರ, ಅತ್ಯಂತ ದುಬಾರಿ. ಫ್ರೆಂಚ್ ಗಣಿತಜ್ಞ ಎಲೀ ಕಾರ್ಟಾನ್ 1899ರಲ್ಲಿ ರೂಪಿಸಿದ ಈ ಭಾಷೆಯಲ್ಲಿ ಗ್ರೀನ್, ಸ್ಟೋಕ್ಸ್, ಡೈವರ್ಜೆನ್ಸ್ ಪ್ರಮೇಯಗಳು ಮತ್ತು ಒಂದೇ ಚರದ ಕಲನದ ಮೂಲ ಪ್ರಮೇಯ ಎಲ್ಲವೂ ಒಂದೇ ಸಾಲು: ಅಂಚಿನ ಮೇಲೆ ಫಾರ್ಮ್‌ನ ಇಂಟಿಗ್ರಲ್, ಒಳಗೆ ಅದರ ಅವಕಲಜದ ಇಂಟಿಗ್ರಲ್‌ಗೆ ಸಮ. ನಾನು ಮರೆಯುತ್ತಿದ್ದ ಆ 'ಆರ್' ಗುಣಕ ಇಲ್ಲಿ ವೆಜ್ ಗುಣಾಕಾರದಿಂದ (ಫಾರ್ಮ್‌ಗಳನ್ನು ಗುಣಿಸುವ ರೀತಿಯಿಂದ) ತಾನಾಗಿ ಉದುರುತ್ತದೆ. ಗ್ರೇಡಿಯಂಟ್‌ನ ಕರ್ಲ್ ಸೊನ್ನೆ, ಕರ್ಲ್‌ನ ಡೈವರ್ಜೆನ್ಸ್ ಸೊನ್ನೆ ಎಂಬ ಎರಡು ಗುರುತುಗಳು ಫಾರ್ಮ್‌ನ ಅವಕಲಜ ತೆಗೆಯುವ 'ಡಿ'ಯನ್ನು ಎರಡು ಸಲ ಹಾಕಿದರೆ ಸೊನ್ನೆ ಎಂಬ ಒಂದೇ ಮಾತಾಗುತ್ತವೆ. ಚಿತ್ರ ಕೈಬಿಡುವ ನಾಲ್ಕನೇ ಆಯಾಮದಲ್ಲೂ ಇದು ನಡೆಯುತ್ತದೆ. ಆದರೆ ಒಂದು ಸಾಧಾರಣ ಫ್ಲಕ್ಸ್ ಲೆಕ್ಕಕ್ಕೆ ಬರುವ ಹೊತ್ತಿಗೆ ನನಗೆ ಮೂರು ವಾರ ಹಿಡಿದಿತ್ತು. ಅದೂ ಹರಿವಿನ ಚಿತ್ರ ಮೊದಲೇ ತಲೆಯಲ್ಲಿತ್ತು, ಅದಕ್ಕೇ ತಾಳಿಕೊಂಡೆ. ಜೊತೆಗೆ ನೇರವಾಗಿ ಇಲ್ಲಿಂದ ಶುರು ಮಾಡಿದ ಸಹಪಾಠಿಯೊಬ್ಬರು ಪ್ರಮೇಯವನ್ನು ತಪ್ಪಿಲ್ಲದೆ ಸಾಧಿಸುತ್ತಿದ್ದರು, ಫ್ಲಕ್ಸ್ ಎಂದರೆ ಏನೋ ದಾಟಿ ಹೋಗುವುದು ಎಂಬುದು ಅವರಿಗೆ ಹೊಳೆದಿರಲಿಲ್ಲ.

ಸೆಮಿಸ್ಟರ್ ಈಗಷ್ಟೇ ಶುರುವಾಗಿದ್ದರೆ ಈ ಒಂದು ಲೆಕ್ಕವನ್ನು ಎತ್ತಿಕೊಳ್ಳಿ. ಮೇಲೆ ಹೇಳಿದ ತಟ್ಟೆಯಂತೆ ತಿರುಗುವ ಫೀಲ್ಡ್, ತ್ರಿಜ್ಯ 1ರ ಅರ್ಧಗೋಳ. ಅದರ ಮೂಲಕ ಕರ್ಲ್‌ನ ಫ್ಲಕ್ಸ್ ಎಷ್ಟು? ಮೊದಲು ಅರ್ಧಗೋಳದ ಮೇಲೆ ಕೋನಗಳನ್ನಿಟ್ಟು ಪೂರ್ತಿ ಇಂಟಿಗ್ರೇಟ್ ಮಾಡಿ. ಆಮೇಲೆ ಅದೇ ಅಂಚಿಗೆ ಚಪ್ಪಟೆ ಬಿಲ್ಲೆಯೊಂದನ್ನು ಮುಚ್ಚಳವಾಗಿ ಹಾಕಿ, ಅದರ ವಿಸ್ತೀರ್ಣವನ್ನು 2ರಿಂದ ಗುಣಿಸಿ. ಕೊನೆಗೆ ಅಂಚಿನ ವೃತ್ತದ ಮೇಲೆ ಒಂದು ಸುತ್ತು ಬನ್ನಿ. ಮೂರು ಸಲವೂ ಎರಡು ಪೈ ಬರಬೇಕು. ಬಾರದಿದ್ದರೆ ಮೊದಲು ಲಂಬ ಯಾವ ಕಡೆಗೆ ಮುಖ ಮಾಡಿದೆ ಎಂದು ನೋಡಿ. ನನ್ನ ಉತ್ತರ ಮೈನಸ್ ಆದಾಗಲೆಲ್ಲ ತಪ್ಪು ಹೆಚ್ಚಾಗಿ ಅಲ್ಲೇ ಇರುತ್ತಿತ್ತು.